ಹೋಟೆಲ್ ಕಂಟ್ರೋಲ್ ಮಾಡುದು ಹೇಗೆ: ಮುಂಬಯಿಯ ನಮ್ಮ ಹೋಟೆಲ್‌ನೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂದೇ ಹೋಟೆಲ್ ಇರುವಷ್ಟು ದಿನ ಕಂಟ್ರೋಲ್ ಅಂತ ಬೇರೆ ಕಲಿಯುವ ಅಗತ್ಯ ಯಾರಿಗೂ ಬೀಳುದಿಲ್ಲ. ಶೇಟ್, ಅಂದ್ರೆ ಮಾಲಕ, ಬೆಳಿಗ್ಗೆ ಆರಕ್ಕೆ ಗಲ್ಲಾದಲ್ಲಿ ಕೂತ್ರೆ ಹಾಲಿನವ ಎಷ್ಟು ಲೀಟರ್ ಇಳಿಸಿದ, ಅಡುಗೆ ಮಾಡುವ ಭಂಡಾರಿ ಕಾಯಿ ಎಷ್ಟು ಒಡೆದ, ಮೂರನೇ ಟೇಬಲಿನ ಬಿಲ್ ಬಂತಾ ಇಲ್ವಾ ಎಲ್ಲ ಕಣ್ಣಿಗೇ ಬೀಳ್ತದೆ. ತೊಂದ್ರೆ ಶುರುವಾಗುದು ಠಾಣೆಯಲ್ಲೋ ಡೊಂಬಿವ್ಲಿಯಲ್ಲೋ ಎರಡನೇದು ಹಾಕಿದ ಮೇಲೆ. ವ್ಯಾಪಾರ ಡಬಲ್ ಆಗ್ತದೆ, ಕೈಯಲ್ಲಿ ಉಳಿಯುದು ಮೊದಲಿಗಿಂತ ಕಮ್ಮಿ, ಆಗ ನಮ್ಮೋರು ಮಾಡುವ ಮೊದಲ ಕೆಲಸ ಅಂದ್ರೆ ಎಂಟು ಕ್ಯಾಮೆರಾ ಹಾಕಿಸಿ ಮೊಬೈಲಲ್ಲಿ ನೋಡ್ತಾ ಕೂರುದು, ಇಲ್ಲ ಊರಿಂದ ಭಾವನನ್ನೋ ಅಳಿಯನನ್ನೋ ಕರೆಸಿ ಗಲ್ಲಾದಲ್ಲಿ ಕೂರಿಸುದು. ಕ್ಯಾಮೆರಾದಲ್ಲಿ ಹುಡುಗ ದೋಸೆಗೆ ಬಟರ್ ಹಾಕುದು ಕಾಣ್ತದೆ. ಎಷ್ಟು ಗ್ರಾಂ ಹಾಕಿದ ಅಂತ ಕಾಣುದಿಲ್ಲ, ಎಷ್ಟು ಹಾಕ್ಬೇಕಿತ್ತು ಅಂತ ಅವನಿಗೂ ಗೊತ್ತಿಲ್ಲ ನಿಮಗೂ ಗೊತ್ತಿಲ್ಲ.

ನಾನು ಇಲ್ಲಿ ನಮ್ಮೋರ ಸುಮಾರು ಹೋಟೆಲ್‌ಗಳ ಲೆಕ್ಕ ನೋಡುವವ. ನೋಡಿನೋಡಿ ಹೇಳುದು ಇಷ್ಟೇ, ಕಂಟ್ರೋಲ್ ಅಂದ್ರೆ ಜನರ ಮೇಲೆ ಕಣ್ಣಿಡುವ ಕೆಲಸ ಅಂತ ಹೊರಟವ್ರು ಸುಸ್ತಾಗ್ತಾರೆ, ಮೊದಲು ಒಂದು ನಂಬರ್ ಗಟ್ಟಿ ಮಾಡಿಕೊಂಡು ಆಮೇಲೆ ಅದಕ್ಕೂ ನಡೆದದ್ದಕ್ಕೂ ಎಷ್ಟು ದೂರ ಉಂಟು ಅಂತ ನೋಡಿದವ್ರು ರಾತ್ರಿ ನಿದ್ದೆ ಮಾಡ್ತಾರೆ. ಇದು ನನ್ನ ತಲೆಯಿಂದ ಬಂದದ್ದಲ್ಲ. 1916ರಲ್ಲೇ ಫ್ರಾನ್ಸಿನ ಆನ್ರಿ ಫಯೋಲ್ ಅಂತ ಒಬ್ರು, ಗಣಿ ಕಂಪೆನಿ ನಡೆಸಿದ ಎಂಜಿನಿಯರ್, ಮ್ಯಾನೇಜ್ಮೆಂಟಿನ ಕೆಲಸವನ್ನು ಐದು ಭಾಗ ಮಾಡಿದ್ರು, ಪ್ಲಾನ್ ಮಾಡುದು, ಜನ ಸಾಮಾನು ಹೊಂದಿಸುದು, ಕೆಲಸ ಹೇಳುದು, ಒಬ್ರ ಕೆಲಸ ಇನ್ನೊಬ್ರದ್ದಕ್ಕೆ ಜೋಡಿಸುದು, ಕಡೇದು ಕಂಟ್ರೋಲ್, ಅಂದ್ರೆ ಪ್ಲಾನಿನ ಹಾಗೆ, ಹೇಳಿದ ಹಾಗೆ, ಹಾಕಿಕೊಂಡ ನಿಯಮದ ಹಾಗೆ ಕೆಲಸ ನಡೀತಾ ಉಂಟಾ ಅಂತ ತಾಳೆ ನೋಡುದು. ಬಿಕಾಂ ಓದುವ ಮಕ್ಕಳು ಇದನ್ನೇ ಬಾಯಿಪಾಠ ಮಾಡ್ತಾರೆ. ಅಡುಗೆಮನೆಗೆ ಇಳಿಸಿದ್ರೆ ಹೇಗಿರ್ತದೆ ಅಂತ ಒಂದೊಂದಾಗಿ ನೋಡುವ.

ಮೊದಲ ಹೆಜ್ಜೆ: ಎಲ್ಲದರ ಹಿಂದೆ ಓಡಬೇಡಿ, ಎಂಟೊಂಬತ್ತು ಸಾಮಾನು ಆರಿಸಿ

ಕೊತ್ತಂಬರಿ ಸೊಪ್ಪಿನ ಕಟ್ಟು ಎಣಿಸ್ಲಿಕ್ಕೆ ಒಬ್ಬ ಹುಡುಗನನ್ನು ಇಟ್ರೆ ಅವನ ಪಗಾರವೇ ಸೊಪ್ಪಿಗಿಂತ ಜಾಸ್ತಿ ಆಗ್ತದೆ. ಕಳೆದ ಮೂರು ತಿಂಗಳ ಖರೀದಿ ಬಿಲ್ ಹರಡಿಕೊಂಡು ಯಾವ ಮಾಲಿಗೆ ಎಷ್ಟು ದುಡ್ಡು ಹೋಗಿದೆ ಅಂತ ದೊಡ್ಡದರಿಂದ ಸಣ್ಣದಕ್ಕೆ ಬರೀರಿ. ಸಾಮಾನ್ಯ ಉಡುಪಿ ಹೋಟೆಲಿನಲ್ಲಿ ಹಾಲು, ಎಣ್ಣೆ, ಬಟರ್-ತುಪ್ಪ, ಪನೀರ್, ಚೀಸ್, ಅಕ್ಕಿ-ಉದ್ದು, ಕಾಫಿಪುಡಿ, ಗೋಡಂಬಿ, ಗ್ಯಾಸ್ ಇಷ್ಟರಲ್ಲೇ ದೊಡ್ಡ ಪಾಲು ಮುಗೀತದೆ. ಇವು ದಿನಾ ನೋಡುವಂಥದ್ದು. ಕಾಂದಾ-ಬಟಾಟ (ನೀರುಳ್ಳಿ-ಆಲೂಗಡ್ಡೆ), ಟೊಮೆಟೊ, ಬೇಳೆ ವಾರಕ್ಕೊಮ್ಮೆ. ಉಪ್ಪು, ಸಾಸಿವೆ, ಟಿಶ್ಯೂ ಪೇಪರ್ ತಿಂಗಳಿಗೊಮ್ಮೆ ಸಾಕು.

ಇನ್ನೊಂದು, ದುಡ್ಡಿನಲ್ಲಿ ಸಣ್ಣದಿದ್ರೂ ಕೈಕೊಟ್ರೆ ಹೋಟೆಲೇ ಬಂದ್ ಆಗುವಂಥ ಜಾಗಗಳುಂಟು, ಕುಡಿಯುವ ನೀರು, ಫ್ರಿಜ್ಜಿನ ಟೆಂಪರೇಚರ್, ಫುಡ್ ಲೈಸೆನ್ಸಿನ ತಾರೀಕು. ಅವನ್ನು ರೇಟ್ ನೋಡದೆ ಲಿಸ್ಟಿಗೆ ಸೇರಿಸಿ.

ಎರಡನೇದು: ನಂಬರ್ ಕಟ್ಟುದು

ಇಲ್ಲೇ ಎಲ್ಲರೂ ಅವಸರ ಮಾಡುದು. ಯಾರದ್ದೋ ವಿಡಿಯೋದಲ್ಲಿ ಮಸಾಲೆ ದೋಸೆಗೆ ಇಷ್ಟು ಗ್ರಾಂ ಅಂತ ಹೇಳಿದ್ರು, ಅದನ್ನೇ ಪ್ರಿಂಟ್ ಹೊಡೆದು ಗೋಡೆಗೆ ಅಂಟಿಸಿದ್ರು, ಭಂಡಾರಿ ಅದರ ಮೇಲೆ ಟವೆಲ್ ನೇತು ಹಾಕಿದ. ಹಾಗೆ ಬೇಡ. ಮಧ್ಯಾಹ್ನ ಮೂರರಿಂದ ನಾಲ್ಕು ಗಿರಾಕಿ ಕಮ್ಮಿ ಇರುವ ಹೊತ್ತು, ಭಂಡಾರಿಯನ್ನು ಜೊತೆಗೆ ಕರ್ಕೊಂಡು, ಅವನ ಕೈಯಲ್ಲೇ ಹತ್ತು ದೋಸೆ ಹೊಯ್ಯಿಸಿ ಪ್ರತಿಯೊಂದರ ಹಿಟ್ಟು, ಬಾಜಿ, ಬಟರ್ ತೂಕ ಮಾಡಿ. ಹತ್ತು ದೋಸೆಗೂ ಹತ್ತು ತೂಕ ಬರ್ತದೆ ನೋಡಿ, ಅದನ್ನು ಕಂಡಾಗ ಭಂಡಾರಿಗೇ ನಗು ಬರ್ತದೆ. ಆಮೇಲೆ ಇಬ್ರೂ ಕೂತು ರುಚಿ ನೋಡಿ, ಗಿರಾಕಿಗೆ ಕಮ್ಮಿ ಅನ್ನಿಸದ, ನಿಮಗೆ ಹೊರೆ ಆಗದ ಒಂದು ಅಳತೆ ಒಪ್ಪಿಕೊಳ್ಳಿ. ಬಾಜಿ 90 ಗ್ರಾಂ ಅಂತ ಆಯ್ತು ಅಂತ ಇಟ್ಟುಕೊಳ್ಳುವ. ತಕ್ಷಣ 90 ಗ್ರಾಂ ಹಿಡಿಯುವ ಸೌಟು ತಂದು ಕೊಡಿ, ರಶ್ಶಿನಲ್ಲಿ ಯಾರೂ ತಕ್ಕಡಿ ಹಿಡೀಲಿಕ್ಕೆ ಆಗುದಿಲ್ಲ, ಸೌಟೇ ತಕ್ಕಡಿ ಆಗ್ಬೇಕು. ತಾನೇ ನಿಂತು ತೂಕ ಮಾಡಿದ ನಂಬರಿನ ಜೊತೆ ಭಂಡಾರಿ ಮತ್ತೆ ಜಗಳ ಆಡುದಿಲ್ಲ.

ಬಟರಿಗೆ ಇನ್ನೂ ಸುಲಭ. 500 ಗ್ರಾಂ ಪ್ಯಾಕೆಟ್, ದೋಸೆಗೆ 10 ಗ್ರಾಂ, ಅಂದ್ರೆ ಪ್ಯಾಕೆಟಿಗೆ 50 ದೋಸೆ. ಖಾಲಿ ಪ್ಯಾಕೆಟ್ ಬಿಸಾಡ್ಲಿಕ್ಕೆ ಬಿಡಬೇಡಿ, ರಾತ್ರಿ ಎಣಿಸಿ ಆಮೇಲೆ ಬಿಸಾಡಿ.

ಅನ್‌ಲಿಮಿಟೆಡ್ ಥಾಲಿ ಇಟ್ಟವ್ರಿಗೆ ಒಬ್ಬೊಬ್ಬರ ತಟ್ಟೆ ಅಳೀಲಿಕ್ಕೆ ಆಗುದಿಲ್ಲ, ಅಳೀಲೂ ಬಾರದು, ಊಟಕ್ಕೆ ಕೂತವ್ರ ಹೊಟ್ಟೆ ಲೆಕ್ಕ ಹಾಕುದು ನಮ್ಮ ಕಡೆಯ ಸಂಪ್ರದಾಯವೂ ಅಲ್ಲ. ಅಲ್ಲಿ ಒಟ್ಟು ಬೇಯಿಸಿದ ಅಕ್ಕಿಯನ್ನು ಮಾರಿದ ಥಾಲಿಯಿಂದ ಭಾಗಿಸಿ ಸರಾಸರಿ ನೋಡಿ. ಹಳೇ ಅಕ್ಕಿ ಹೆಚ್ಚು ಅರಳ್ತದೆ, ಹೊಸ ಅಕ್ಕಿ ಮುದ್ದೆ ಆಗ್ತದೆ, ಹಾಗಾಗಿ ಅಕ್ಕಿ ಬದಲಾದಾಗ ನಂಬರೂ ಬದಲಾಗ್ಬೇಕು. ಪ್ರತಿ ಅಳತೆಯ ಪಕ್ಕ ಅದು ಕಟ್ಟಿದ ತಾರೀಕು ಬರೆದಿಡಿ, ಎರಡು ವರ್ಷ ಹಳೇ ಅಳತೆ ಹಿಡ್ಕೊಂಡು ಬೈಯುದು ನ್ಯಾಯ ಅಲ್ಲ.

ಮೂರನೇದು: ನಡೆದದ್ದನ್ನು ಅಳೆಯುದು

ಅಳೀಲಿಕ್ಕೆ ಎರಡು ಕಡೆಯ ಲೆಕ್ಕ ಬೇಕು, ಎಷ್ಟು ಮಾರಾಟ ಆಯ್ತು, ಎಷ್ಟು ಮಾಲು ಹೋಯ್ತು. ಮಾರಾಟದ ಕಡೆಗೆ ಒಂದೇ ನಿಯಮ, ಕೆಒಟಿ, ಅಂದ್ರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ಇಲ್ಲದೆ ಅಡುಗೆಮನೆಯಿಂದ ಒಂದು ಇಡ್ಲಿಯೂ ಹೊರಗೆ ಬರಬಾರದು. ಪಕ್ಕದ ಮೆಡಿಕಲ್‌ನವ್ರಿಗೆ, ಸೊಸೈಟಿ ವಾಚ್‌ಮನ್‌ಗೆ ದಿನಾ ಕೊಡುವ ಫ್ರೀ ಚಾ ಉಂಟಲ್ಲ, ಕೊಡಿ, ಮುಂಬಯಿಯಲ್ಲಿ ಅದಿಲ್ಲದೆ ನಡೆಯುದಿಲ್ಲ, ಆದ್ರೆ ಅದಕ್ಕೂ ಕೆಒಟಿ ಹೊಡೆದು ಸೊನ್ನೆ ಬಿಲ್ ಮಾಡಿ. ಸ್ಟಾಫಿನ ಊಟ ತಿಂಡಿಗೂ ಬೇರೆ ಪುಸ್ತಕ. ಹದಿನೈದು ಹುಡುಗರು ಅಲ್ಲೇ ಉಳಿದು ಅಲ್ಲೇ ಉಣ್ಣುವ ಹೋಟೆಲಿನಲ್ಲಿ ಇದು ಸಣ್ಣ ಮೊತ್ತ ಅಲ್ಲ, ಇದನ್ನು ಬೇರೆ ಇಡದಿದ್ರೆ ಪಾಪ ಭಂಡಾರಿ ಕದ್ದ ಅಂತ ಆಗ್ತದೆ.

ಮಾಲಿನ ಕಡೆಗೆ ಸೂತ್ರ ಹಳೇದೇ. ತಿಂಗಳ ಶುರುವಿನ ಸ್ಟಾಕು, ಅದಕ್ಕೆ ಖರೀದಿ ಸೇರಿಸಿ, ತಿಂಗಳ ಕೊನೆಯ ಸ್ಟಾಕ್ ಕಳೆಯಿರಿ. ಉದಾಹರಣೆಗೆ 1,40,000 ಇತ್ತು, 4,60,000 ತಂದ್ರು, 1,20,000 ಉಳೀತು, ಅಂದ್ರೆ ಬಳಸಿದ್ದು 4,80,000. ಬಿಲ್ಲುಗಳ ಮೊತ್ತ 15,75,000 ಅಂದ್ರೆ ಅದರಲ್ಲಿ 75,000 ಜಿಎಸ್‌ಟಿ, ನಿಮ್ಮ ಮಾರಾಟ 15,00,000 ಮಾತ್ರ. 4,80,000 ಭಾಗ 15,00,000 ಅಂದ್ರೆ ಫುಡ್ ಕಾಸ್ಟ್ 32%. ಜಿಎಸ್‌ಟಿ ಸೇರಿಸಿಯೇ ಭಾಗಿಸುವವ್ರು ಬಹಳ ಜನ, ಅವ್ರಿಗೆ ಫುಡ್ ಕಾಸ್ಟ್ ಯಾವಾಗಲೂ ಚೆಂದ ಕಾಣ್ತದೆ. 2017ರ ನವೆಂಬರಿನಿಂದ ನಮ್ಮಂಥ ಸಾದಾ ಹೋಟೆಲ್‌ಗಳಿಗೆ 5% ಟ್ಯಾಕ್ಸ್, ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುದಿಲ್ಲ, ಹಾಗಾಗಿ ಖರೀದಿ ಬರೆಯುವಾಗ ಟ್ಯಾಕ್ಸ್ ಸೇರಿಸಿದ ಪೂರ್ತಿ ರೇಟ್ ಬರೀಬೇಕು. ಮಾರಾಟಕ್ಕೆ ಟ್ಯಾಕ್ಸ್ ಬಿಟ್ಟು, ಖರೀದಿಗೆ ಟ್ಯಾಕ್ಸ್ ಸೇರಿಸಿ. ಇದೊಂದು ನೆನಪಿಟ್ಟುಕೊಳ್ಳಿ.

ಸ್ಟಾಕ್ ಎಣಿಸುವವ ಸ್ಟೋರಿನ ಬೀಗ ಇಟ್ಟುಕೊಂಡವನೇ ಆಗಿರಬಾರದು. ತಕ್ಕಡಿಗೆ ವರ್ಷಕ್ಕೊಮ್ಮೆ ಸ್ಟಾಂಪಿಂಗ್, ಅಂದ್ರೆ ತೂಕ ಸರಿ ಉಂಟು ಅಂತ ಸರ್ಕಾರಿ ಮುದ್ರೆ, ಮಾಡಿಸಿ. ಪೈಪ್ ಗ್ಯಾಸ್ ಇದ್ದವ್ರು ರಾತ್ರಿ ಮೀಟರ್ ಫೋಟೋ ತೆಗೀರಿ, ಸಿಲಿಂಡರ್ ಇದ್ದವ್ರು ಇಳಿಸುವಾಗಲೇ ತೂಗಿ, ಕಮರ್ಷಿಯಲ್ ಸಿಲಿಂಡರಿನಲ್ಲಿ 19 ಕಿಲೋ ಗ್ಯಾಸ್ ಇರ್ಬೇಕು, ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರ್ತದೆ, ಎರಡೂ ಕೂಡಿಸಿ ನೋಡಿ.

ನಾಲ್ಕನೇದು: ವ್ಯತ್ಯಾಸ ಬಂತು, ಈಗ ಬೈಯುವ ಮೊದಲು ಬಿಡಿಸಿ ನೋಡಿ

ಇದು ಈ ಇಡೀ ವಿಷಯದ ಜೀವ, ಸ್ವಲ್ಪ ನಿಧಾನ ಓದಿ. ಕಾಂದಾದ ಲೆಕ್ಕ ತೆಗೊಳ್ಳುವ. ಮಾರಾಟಕ್ಕೆ ತಕ್ಕ ಹಾಗೆ ಈ ತಿಂಗಳು 400 ಕಿಲೋ ಬೇಕಿತ್ತು, ನೀವು ಇಟ್ಟುಕೊಂಡ ರೇಟ್ ಕಿಲೋಗೆ 25, ಅಂದ್ರೆ 10,000 ಖರ್ಚಾಗ್ಬೇಕಿತ್ತು. ಆದದ್ದು 17,200. ಶೇಟ್ ಸೀದಾ ಅಡುಗೆಮನೆಗೆ ಹೋಗಿ ಎಲ್ಲರೆದುರು ಭಂಡಾರಿಗೆ ಏಳು ಸಾವಿರದ ಲೆಕ್ಕ ಕೇಳ್ತಾರೆ. ಬಿಡಿಸಿ ನೋಡಿದ್ರೆ ಬಳಸಿದ್ದು 430 ಕಿಲೋ, ವಾಶಿ ಮಾರ್ಕೆಟಿನಲ್ಲಿ ರೇಟ್ 40 ಆಗಿತ್ತು. ರೇಟ್ ಏರಿದ್ದು 15 ರೂಪಾಯಿ, 430 ಕಿಲೋಗೆ 6,450. ಇದು ಭಂಡಾರಿಯ ಕೈಯಲ್ಲಿ ಇಲ್ಲ. ಜಾಸ್ತಿ ಬಳಸಿದ್ದು 30 ಕಿಲೋ, ಹಳೇ ರೇಟ್ 25ರಲ್ಲಿ 750. ಅವನ ಪಾಲಿಗೆ ಬರುದು ಈ 750 ಮಾತ್ರ. 7,200ಕ್ಕೆ ಬೈಸಿಕೊಂಡ ಭಂಡಾರಿ ಮರುತಿಂಗಳು ಎದುರಿನ ಹೋಟೆಲಿಗೆ ಹೋಗ್ತಾನೆ, ಅವನ ಹಿಂದೆ ಅವನ ಊರಿನ ನಾಲ್ಕು ಹುಡುಗರೂ ಹೋಗ್ತಾರೆ, ಕಾಂದಾದ ರೇಟ್ ಹಾಗೇ ಇರ್ತದೆ.

ಹಾಗಾಗಿ ರೇಟಿನ ವ್ಯತ್ಯಾಸ ಖರೀದಿ ಮಾಡುವವ್ರ ಹತ್ರ ಕೇಳಿ, ಬಳಕೆಯ ವ್ಯತ್ಯಾಸ ಅಡುಗೆಮನೆಯಲ್ಲಿ ಕೇಳಿ. ಯಾರ ಕೈಯಲ್ಲಿ ಎಷ್ಟು ಉಂಟೋ ಅಷ್ಟನ್ನೇ ಅವ್ರಿಂದ ಕೇಳ್ಬೇಕು.

ಇನ್ನೊಂದು ತಪ್ಪು ಹೋಲಿಕೆ, ಹೋದ ತಿಂಗಳಿಗೆ ಈ ತಿಂಗಳನ್ನು ಸೀದಾ ಪಕ್ಕ ಇಡುದು. ಶ್ರಾವಣದಲ್ಲಿ ಇಲ್ಲಿ ಮರಾಠಿ ಜನ ಬಹಳಷ್ಟು ನಾನ್‌ವೆಜ್ ಬಿಡ್ತಾರೆ, ವೆಜ್ ಹೋಟೆಲಿಗೆ ರಶ್. ಗಣಪತಿ, ದೀಪಾವಳಿಗೆ ಆಫೀಸ್ ಏರಿಯಾ ಖಾಲಿ ಹೊಡೀತದೆ. ಮಾರಾಟ ಇಳಿದಾಗ ಹಾಲಿನ ಖರ್ಚೂ ಇಳಿದಿದೆ ಅಂತ ಖುಷಿ ಪಡುದರಲ್ಲಿ ಎಂತ ಉಂಟು? ಆ ದಿನ ಎಷ್ಟು ಮಾರಿದ್ರೋ ಅದಕ್ಕೆ ಎಷ್ಟು ಹಾಲು ಬೇಕಿತ್ತು, ಅದರ ಜೊತೆಗೆ ಹೋಲಿಸಿ. ಬಜೆಟ್ ರಬ್ಬರಿನ ಹಾಗೆ ಮಾರಾಟದ ಜೊತೆ ಹಿಗ್ಗಬೇಕು ಕುಗ್ಗಬೇಕು. ಬಾಡಿಗೆ, ಲೈಸೆನ್ಸ್ ಫೀ, ಪಗಾರ ಮಾತ್ರ ಇದರಿಂದ ಹೊರಗೆ.

ಐದನೇದು: ಎಷ್ಟು ಹೆಚ್ಚುಕಮ್ಮಿ ಸುಮ್ಮನೆ ಬಿಡ್ಬೇಕು

ದಿನಾ ಸ್ವಲ್ಪ ಆಚೀಚೆ ಆಗಿಯೇ ಆಗ್ತದೆ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಅನ್ನುವವ್ರು ಟೆಲಿಫೋನ್ ಸಾಮಾನು ಮಾಡುವ ಫ್ಯಾಕ್ಟರಿಗೋಸ್ಕರ ಒಂದು ಚಾರ್ಟ್ ಮಾಡಿದ್ರು, ನಡುವೆ ಒಂದು ಗೆರೆ, ಮೇಲೆ ಒಂದು ಕೆಳಗೆ ಒಂದು, ಆ ಎರಡರ ಒಳಗೆ ಕುಣಿಯುದು ಕೆಲಸದ ಸ್ವಭಾವ, ಹೊರಗೆ ಹೋದ್ರೆ ಏನೋ ಬೇರೆ ಕಾರಣ ಉಂಟು ಹುಡುಕಿ ಅಂತ. ಇದನ್ನು ಅಡುಗೆಮನೆಯಲ್ಲಿ ಒಂದು ಗ್ರಾಫ್ ಹಾಳೆಯಲ್ಲೇ ಮಾಡ್ಬಹುದು. ಒಂದು ತಿಂಗಳು ಬಾಜಿಯ ವ್ಯತ್ಯಾಸ ಚುಕ್ಕಿ ಹಾಕ್ತಾ ಹೋಗಿ, ಸಾಮಾನ್ಯವಾಗಿ ಎಲ್ಲಿಂದ ಎಲ್ಲಿಗೆ ಕುಣಿತದೆ ಅಂತ ಕಾಣ್ತದೆ. ಅದರೊಳಗಿನ ಚುಕ್ಕಿಗೆ ಯಾರನ್ನೂ ಕರೆದು ಕೇಳಬೇಡಿ. ಚುಕ್ಕಿ ಹೊರಗೆ ಹಾರಿದ್ರೆ ಕೇಳಿ, ಅಥವಾ ಏಳೆಂಟು ದಿನ ಸತತ ಗೆರೆಯ ಒಂದೇ ಬದಿಗೆ ಬಿದ್ರೆ ಕೇಳಿ, ಅದು ನಿಧಾನ ಸೋರುವ ಲಕ್ಷಣ. ದಿನಾ ದಿನಾ ಕೇಳುವ ಶೇಟ್‌ಗೆ ಹುಡುಗರು ದಿನಾ ಒಂದು ಕತೆ ರೆಡಿ ಇಟ್ಟಿರ್ತಾರೆ.

ಆರನೇದು: ಸರಿ ಮಾಡುದು

180 ಮಸಾಲೆ ದೋಸೆ ಮಾರಿದ ದಿನ 90 ಗ್ರಾಂನ ಲೆಕ್ಕದಲ್ಲಿ 16.2 ಕಿಲೋ ಬಾಜಿ ಹೋಗ್ಬೇಕು, ಹೋದದ್ದು 19.5 ಅಂತ ಇಟ್ಟುಕೊಳ್ಳುವ. 3.3 ಕಿಲೋ ಅಂದ್ರೆ ಹೆಚ್ಚುಕಮ್ಮಿ 37 ದೋಸೆಯ ಬಾಜಿ. ಕದ್ದರಾ? ಬೇಯಿಸಿದ ಬಟಾಟ ಬಾಜಿ ಯಾರು ಕದೀತಾರೆ ಮಾರಾಯ್ರೆ. ಒಂದೊಂದು ಕೌಂಟರ್ ಹತ್ರ ಅರ್ಧರ್ಧ ಗಂಟೆ ನಿಂತು ನೋಡಿ. ಪೂರಿ-ಬಾಜಿಯ ಬಾಜಿ ಇದೇ ಪಾತ್ರೆಯಿಂದ ಹೋಗಿ ಲೆಕ್ಕಕ್ಕೆ ಬಾರದೆ ಇರ್ಬಹುದು. ಪಾರ್ಸಲ್ ಡಬ್ಬಿ ದೊಡ್ಡದು ತಂದಿರ್ತಾರೆ, ಅರ್ಧ ಖಾಲಿ ಕಂಡ್ರೆ ಗಿರಾಕಿ ಬೈತಾನೆ ಅಂತ ಹುಡುಗ ತುಂಬಿಸಿ ಕೊಡ್ತಾನೆ, ಅವನ ಮಟ್ಟಿಗೆ ಅವ ಮಾಡಿದ್ದು ಸರಿಯೇ. ಅಲ್ಲಿ ಮದ್ದು ಬೈಗುಳ ಅಲ್ಲ, ಸಣ್ಣ ಡಬ್ಬಿ. ಕೆಲವೊಮ್ಮೆ ಅಳತೆಯೇ ತಪ್ಪಿರ್ತದೆ, ಗಿರಾಕಿಗಳು ಎಕ್ಸ್ಟ್ರಾ ಬಾಜಿ ಕೇಳ್ತಾನೇ ಇದ್ರೆ 90 ಸಾಲುದಿಲ್ಲ ಅಂತ ಅರ್ಥ, 105 ಮಾಡಿ ರೇಟ್ ಐದು ರೂಪಾಯಿ ಏರಿಸಿ.

ಸರಿ ಮಾಡುವಾಗ ಒಂದು ಗುಂಡಿ ಉಂಟು. ಎಣ್ಣೆ ಖರ್ಚು ಇಳಿಸಿದ್ರೆ ಇನಾಮು ಅಂತ ಹೇಳಿದ್ರೆ ಎಣ್ಣೆ ಖರ್ಚು ಖಂಡಿತ ಇಳೀತದೆ, ಹೇಗೆ ಅಂದ್ರೆ ನಿನ್ನೆಯ ಎಣ್ಣೆಯಲ್ಲೇ ಇವತ್ತಿನ ವಡೆ. 2018ರ ಜುಲೈಯಿಂದ ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಕರಿಯುವ ಎಣ್ಣೆಯ ಟೋಟಲ್ ಪೋಲಾರ್ ಕಾಂಪೌಂಡ್, ಅಂದ್ರೆ ಎಣ್ಣೆ ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ, 25% ಮೀರಬಾರದು ಅಂತ ಉಂಟು, ಅಳೆಯುವ ಮೀಟರ್ ಸಿಗ್ತದೆ. ಯಾವ ನಂಬರನ್ನೂ ಒಂಟಿಯಾಗಿ ಬಿಡಬೇಡಿ, ಖರ್ಚಿನ ನಂಬರಿನ ಪಕ್ಕ ಕ್ವಾಲಿಟಿಯದ್ದೊಂದು ಕಟ್ಟಿ ಹಾಕಿ. ಎಣ್ಣೆ ಖರ್ಚಿನ ಜೊತೆ ಮೀಟರ್ ರೀಡಿಂಗ್, ಸ್ಟಾಫ್ ಖರ್ಚಿನ ಜೊತೆ ಆರ್ಡರ್ ಬರ್ಲಿಕ್ಕೆ ಹಿಡಿಯುವ ನಿಮಿಷ, ಊಟದ ಖರ್ಚಿನ ಜೊತೆ ತಟ್ಟೆಯಲ್ಲಿ ವಾಪಸ್ ಬಂದ ಅನ್ನ. ಕಪ್ಲಾನ್ ಮತ್ತು ನಾರ್ಟನ್ ಅಂತ ಇಬ್ರು 1992ರಲ್ಲಿ ದೊಡ್ಡ ಕಂಪೆನಿಗಳಿಗೆ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಅಂತ ಹೇಳಿದ್ದೂ ಇದೇ ದಾರಿಯದ್ದು, ಬರೀ ದುಡ್ಡಿನ ಲೆಕ್ಕ ನೋಡಬೇಡಿ, ಗಿರಾಕಿ, ಒಳಗಿನ ಕೆಲಸ, ಜನರ ಕಲಿಕೆ ಮೂರನ್ನೂ ಒಟ್ಟಿಗೆ ನೋಡಿ ಅಂತ.

ಮುಂಚೆಯೇ ತಡೆಯುವಂಥದ್ದು

ಮೇಲಿನದ್ದೆಲ್ಲ ಆದ ಮೇಲಿನ ಲೆಕ್ಕ. ಹಾಳಾದ ಪನೀರ್ ಬಿಸಾಡಿದ ಮೇಲೆ ಲೆಕ್ಕ ಬರೆಯುವ ಬದಲು ಟೆಂಪೋದಿಂದ ಇಳಿಸುವಾಗಲೇ ವಾಪಸ್ ಕಳಿಸುದು ಅಗ್ಗ. ಫ್ರಿಜ್ 5 ಡಿಗ್ರಿ ಒಳಗೆ, ಬಿಸಿ ಸಾಂಬಾರು 60 ಡಿಗ್ರಿ ಮೇಲೆ, ಎರಡನ್ನೂ ದಿನಕ್ಕೆ ಮೂರು ಸಲ ಬರೆದಿಡಿ. ಮಳೆಗಾಲದಲ್ಲಿ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಕುರ್ಲಾ ಕಡೆ ಹೋಟೆಲ್ ಇದ್ದವ್ರು ಭರತದ, ಅಂದ್ರೆ ಸಮುದ್ರದ ನೀರು ಏರುವ, ಟೈಮ್ ನೋಡಿಕೊಂಡೇ ಮಾಲು ತರಿಸ್ಬೇಕು, 4.5 ಮೀಟರಿಗಿಂತ ದೊಡ್ಡ ಭರತವೂ ಜೋರು ಮಳೆಯೂ ಒಟ್ಟಿಗೆ ಬಂದ ದಿನ ನೀರು ಇಳಿಯುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಸ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದದ್ದು ನೆನಪಿದ್ದವ್ರು ಅಕ್ಕಿ ಮೂಟೆಯನ್ನು ನೆಲಕ್ಕೆ ಇಡುದೇ ಇಲ್ಲ.

ಗಲ್ಲಾ

ಖರೀದಿ ಮಾಡುವವ, ಮಾಲು ಇಳಿಸಿಕೊಂಡು ತೂಗುವವ, ದುಡ್ಡು ಕೊಡುವವ ಮೂರೂ ಒಬ್ಬನೇ ಆಗಿರಬಾರದು, ಅವ ಭಾವನೇ ಆಗಿರ್ಲಿ. ಭಾವನ ಮೇಲೆ ಸಂಶಯ ಅಂತ ಅಲ್ಲ, ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ಅವ್ರನ್ನು ಕಾಪಾಡುದೂ ಇದೇ ಪುಸ್ತಕ. ಸಣ್ಣ ಹೋಟೆಲಿನಲ್ಲಿ ಮೂರು ಜನ ಎಲ್ಲಿಂದ ತರುದು ಅಂತ ಕೇಳ್ತೀರಿ, ಇಬ್ರಾದ್ರೂ ಇರ್ಲಿ, ದುಡ್ಡು ಕೊಡುವ ಕೆಲಸ ಮಾತ್ರ ನೀವೇ ಇಟ್ಟುಕೊಳ್ಳಿ.

ರಾತ್ರಿ ನಗದು, ಯುಪಿಐ, ಕಾರ್ಡ್, ಆನ್‌ಲೈನ್ ಆರ್ಡರ್, ಉಧಾರಿ ಐದನ್ನು ಕೂಡಿಸಿದ್ರೆ ಬಿಲ್ಲಿನ ಮೊತ್ತ ಬರ್ಬೇಕು. ಯುಪಿಐಯನ್ನು ಗಿರಾಕಿ ತೋರಿಸಿದ ಸ್ಕ್ರೀನ್ ನೋಡಿ ಒಪ್ಪಬೇಡಿ, ನಿಮ್ಮ ಖಾತೆಯ ಲಿಸ್ಟ್ ನೋಡಿ, ಕ್ಯೂಆರ್ ಸ್ಟಿಕರ್ ನಿಮ್ಮದೇನಾ ಅಂತ ಬೆಳಿಗ್ಗೆ ಒಂದು ರೂಪಾಯಿ ಹಾಕಿ ನೋಡಿ. ಸ್ವಿಗ್ಗಿ ಝೊಮ್ಯಾಟೊ ಮೂಲಕ ಹೋದ ಊಟದ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಅವ್ರೇ ಕಟ್ಟುದು, ಹಾಗಾಗಿ ಆ ಮಾರಾಟ ಬೇರೆ ಕಾಲಂನಲ್ಲಿ ಇರ್ಲಿ, ಇಲ್ಲಾಂದ್ರೆ ಟ್ಯಾಕ್ಸ್ ಎರಡು ಸಲ ಹೋಗ್ತದೆ. ಕ್ಯಾನ್ಸಲ್ ಆದ ಬಿಲ್‌ಗಳನ್ನು ದಿನಾ ನೋಡಿ, ಮುಖ್ಯವಾಗಿ ಗಿರಾಕಿ ಎದ್ದು ಹೋದ ಮೇಲೆ ಕ್ಯಾನ್ಸಲ್ ಆದದ್ದು.

ಎರಡನೇ ಬ್ರಾಂಚಿಗೆ

ಶುರುವಿನ ತಿಂಗಳು ಬರೀ ಮೂರು ಸಾಮಾನು ಹಿಡೀರಿ, ಹಾಲು, ಬಟರ್, ಎಣ್ಣೆ. ಅದು ಅಭ್ಯಾಸ ಆದ ಮೇಲೆ ಉಳಿದದ್ದು. ಆರು ತಿಂಗಳಿಗೊಮ್ಮೆ ಎಲ್ಲ ರಿಜಿಸ್ಟರ್ ಮೇಜಿನ ಮೇಲೆ ಹಾಕಿ, ಯಾವುದನ್ನು ನೋಡಿ ನೀವು ಒಂದು ನಿರ್ಧಾರವನ್ನೂ ಮಾಡ್ಲಿಲ್ಲವೋ ಅದನ್ನು ಬಂದ್ ಮಾಡಿ, ಬರೆಯುವ ಹುಡುಗನಿಗೆ ಗೊತ್ತಿರ್ತದೆ ಯಾರೂ ಓದುದಿಲ್ಲ ಅಂತ, ಅವ ಅಂದಾಜಿಗೆ ತುಂಬಿಸ್ತಾ ಇರ್ತಾನೆ.

ದೂರದ ಬ್ರಾಂಚಿನ ಮ್ಯಾನೇಜರಿಂದ ರಾತ್ರಿ ವಾಟ್ಸಾಪಿನಲ್ಲಿ ಐದು ಸಾಲು ಸಾಕು. ಮಾರಾಟ ಯಾವ ಯಾವ ದಾರಿಯಿಂದ ಎಷ್ಟು. ಮೂರು ಸಾಮಾನಿನಲ್ಲಿ ಅಳತೆಗೂ ಬಳಕೆಗೂ ಎಷ್ಟು ವ್ಯತ್ಯಾಸ. ಕ್ಯಾನ್ಸಲ್ ಬಿಲ್ ಎಷ್ಟು, ಯಾಕೆ. ವಾಪಸ್ ಬಂದ ತಿಂಡಿ ಮತ್ತು ಗಿರಾಕಿಯ ದೂರು. ಗ್ಯಾಸ್ ಮೀಟರ್ ಫೋಟೋ. ಎಲ್ಲ ಸರಿ ಇದ್ದ ದಿನ ಒಂದು ಥ್ಯಾಂಕ್ಸ್ ಹಾಕಿ ಮಲಗಿ, ಅವ್ರ ಕೆಲಸದಲ್ಲಿ ಕೈ ಹಾಕಬೇಡಿ. ಮೆಸೇಜ್ ಬರ್ಲಿಲ್ಲ ಅಂದ್ರೆ, ಅಥವಾ ವಾರವಿಡೀ ವ್ಯತ್ಯಾಸ ಸರಿಯಾಗಿ ಸೊನ್ನೆಯೇ ಬರ್ತಾ ಇದ್ರೆ, ಫೋನ್ ಮಾಡಿ ಎಂತ ಕೇಳುದೂ ಬೇಡ, ಬೆಳಿಗ್ಗೆ ಬೇಗದ ಲೋಕಲ್ ಹಿಡಿದು ಹೋಗಿ ಸ್ಟೋರ್ ನೀವೇ ಎಣಿಸಿ.